ಲಕ್ಕುಂಡಿ ಗುಡಿಯ ಫೋಟೋ: ಶಿಖರ ಹಿಂದಕ್ಕೆ ವಾಲುತ್ತದೆ, ಕೆತ್ತನೆ ಮಸುಕಾಗುತ್ತದೆ. ಏನು ಮಾಡಲಿ?

ಬೆಟಗೇರಿಯವಳು:

ಎಲ್ಲರಿಗೂ ನಮಸ್ಕಾರ. ನಾನು ಗದಗ-ಬೆಟಗೇರಿಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಈ ಸಲದ ರಾಜ್ಯೋತ್ಸವಕ್ಕೆ ಶಾಲೆಯ ಪಡಸಾಲೆಯಲ್ಲಿ ನಮ್ಮ ಜಿಲ್ಲೆಯ ಗುಡಿಗಳ ಫೋಟೋ ಹಾಕಬೇಕು ಅಂತ ಆಸೆ. 12×18 ಇಂಚಿನ ಪ್ರಿಂಟ್ ಮಾಡಿಸಬೇಕು ಅಂದುಕೊಂಡಿದ್ದೇನೆ. ಲಕ್ಕುಂಡಿ ಇಲ್ಲೇ ಹತ್ತು-ಹನ್ನೆರಡು ಕಿಲೋಮೀಟರ್ ದೂರ. ಆದರೂ ನಮ್ಮ ಮಕ್ಕಳಲ್ಲಿ ಎಷ್ಟೋ ಜನ ನೋಡಿಯೇ ಇಲ್ಲ. ಫೋಟೋ ನೋಡಿದವರಿಗೆ ಬರುವ ಭಾನುವಾರವೇ ಬಸ್ ಹತ್ತಬೇಕು ಅನ್ನಿಸಬೇಕು.

ಕ್ಯಾಮೆರಾ ಸೆಕೆಂಡ್ ಹ್ಯಾಂಡ್ ನಿಕಾನ್ ಡಿ5600. ಅದರ ಜೊತೆಗೆ ಬಂದ 18-55 ಕಿಟ್ ಲೆನ್ಸ್. ಟ್ರೈಪಾಡ್ ಇಲ್ಲ. ಮೂರು ಫೋಟೋ ಹಾಕಿದ್ದೇನೆ, ದಯವಿಟ್ಟು ನೋಡಿ.

ಮೊದಲನೆಯದು ಕಾಶಿವಿಶ್ವೇಶ್ವರ ಗುಡಿ ಪೂರ್ತಿ. 18 ಎಂಎಂನಲ್ಲಿ (ಈ ಲೆನ್ಸಿನ ಅತಿ ಅಗಲದ ನೋಟ), ಹತ್ತಿರ ನಿಂತು, ಕ್ಯಾಮೆರಾ ಸ್ವಲ್ಪ ಮೇಲೆತ್ತಿ ತೆಗೆದದ್ದು. ಗೋಡೆಗಳು ಒಳಕ್ಕೆ ವಾಲಿವೆ, ಶಿಖರ ಹಿಂದಕ್ಕೆ ಬಿದ್ದ ಹಾಗಿದೆ. ಎರಡನೆಯದು ದಕ್ಷಿಣದ ಗೋಡೆ. 45 ಎಂಎಂ, ಎಫ್/22 (ಬೆಳಕು ಬರುವ ಕಿಂಡಿಯ ಅಳತೆ), ಶಟರ್ 1/25 ಸೆಕೆಂಡ್, ಐಎಸ್‌ಒ 100 (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ). ಹೊತ್ತು ಹನ್ನೊಂದೂವರೆ. ಎಫ್ ನಂಬರ್ ಜಾಸ್ತಿ ಮಾಡಿದಷ್ಟೂ ಎಲ್ಲಾ ಶಾರ್ಪ್ ಬರುತ್ತದೆ ಅಂತ ಎಲ್ಲರೂ ಹೇಳುತ್ತಾರಲ್ಲ, ಅದಕ್ಕೇ 22 ಇಟ್ಟೆ. ಕ್ಯಾಮೆರಾದ ಪರದೆಯಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದರೆ ಎಲ್ಲಾ ಮಸುಕು. ಮೂರನೆಯದು ಗದಗಿನ ತ್ರಿಕೂಟೇಶ್ವರ ಆವರಣದ ಸರಸ್ವತಿ ಗುಡಿಯ ಕಂಬಗಳು. ಐಎಸ್‌ಒ ತಾನಾಗಿಯೇ 6400ಕ್ಕೆ ಹೋಗಿದೆ, ಕಂಬದ ತುಂಬ ಕಾಳು ಕಾಳು.

ಅಂಗಡಿಯಲ್ಲಿ ಕೇಳಿದರೆ ಲೆನ್ಸ್ ಬದಲಿಸಿ ಅಂದರು. ಅದಕ್ಕಿಂತ ಮೊದಲು ಈ ಲೆನ್ಸಿನಲ್ಲೇ ಆಗುವಷ್ಟನ್ನು ಕಲಿಯಬೇಕು ಅಂತ ನನಗಿದೆ. ಇನ್ನೊಂದು ಪ್ರಶ್ನೆ ಚೌಕಟ್ಟಿನದು. ಎಲ್ಲಿ ನಿಂತರೂ ಎಲ್ಲರೂ ತೆಗೆಯುವ ಫೋಟೋನೇ ಬರುತ್ತದೆ. ಏನನ್ನು ಸೇರಿಸಬೇಕು, ಏನನ್ನು ಬಿಡಬೇಕು ಅನ್ನುವುದು ಹೇಗೆ ತಿಳಿಯುತ್ತದೆ?

ಉಣಕಲ್ ಕೆರೆ:

ಅಕ್ಕಾರೆ, ನಾನು ಮೊಬೈಲಿನಲ್ಲೇ ತೆಗೆಯುವವನು. ಗೊತ್ತಿರುವಷ್ಟು ಹೇಳುತ್ತೇನೆ. ಮೊದಲು ಲೆನ್ಸ್ ಒರೆಸಿ. ಬೆರಳಿನ ಎಣ್ಣೆ ಸ್ವಲ್ಪ ಹತ್ತಿದ್ದರೂ ಬಿಸಿಲಿನ ಕಡೆ ಹಿಡಿದಾಗ ಇಡೀ ಚಿತ್ರ ಮಬ್ಬಾಗುತ್ತದೆ. ಕ್ಯಾಮೆರಾದ ಲೆನ್ಸಿಗೂ ಅಷ್ಟೇ.

ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಯಲ್ಲಿ ನನಗೂ ಇದೇ ತಾಪತ್ರಯ. ಊರಿನ ನಡುವೆ ಇರುವ ಗುಡಿ, ಹಿಂದೆ ಸರಿಯಲು ಜಾಗ ಕಡಿಮೆ. ಮೊಬೈಲಿನ ಅಗಲ ನೋಟದ 0.5 ಲೆನ್ಸ್ ಹಾಕಿದರೆ ಗುಡಿ ಪೂರ್ತಿ ಬರುತ್ತದೆ, ಆದರೆ ಅಂಚುಗಳು ಎಳೆದ ಹಾಗೆ ಆಗುತ್ತವೆ, ಕೆತ್ತನೆಯೂ ಕಲಸಿಹೋಗುತ್ತದೆ. ನಾನೀಗ ಮಾಮೂಲಿ 1ರ ಲೆನ್ಸಿನಲ್ಲೇ ತೆಗೆದು, ಪೂರ್ತಿ ಗುಡಿಯ ಆಸೆ ಬಿಟ್ಟು, ನಾಲ್ಕು ದಿಕ್ಕಿನ ಬಾಗಿಲುಗಳನ್ನು ಬೇರೆ ಬೇರೆ ತೆಗೆಯುತ್ತೇನೆ. ಒಂದು ಬಾಗಿಲಿನೊಳಗಿಂದ ಆಚೆ ಬಾಗಿಲು ಕಾಣುವ ಹಾಗೆ ನಿಂತರೆ ಚೌಕಟ್ಟು ತಾನಾಗಿಯೇ ಸಿಗುತ್ತದೆ.

ವಾಲಿದ್ದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಫೋಟೋ ತಿದ್ದುವ ಆಪ್ ಸ್ನ್ಯಾಪ್‌ಸೀಡ್‌ನಲ್ಲಿ ಪರ್ಸ್‌ಪೆಕ್ಟಿವ್ ಅಂತ ಇದೆ. ಎಳೆದರೆ ನೆಟ್ಟಗಾಗುತ್ತದೆ.

ಮಾಳಮಡ್ಡಿ ಕಾಕಾ:

ಟೀಚರ್ ಅವರೇ, ನಿಮ್ಮ ಲೆನ್ಸ್ ಸಾಕು. ಮೂರೂ ಫೋಟೋ ದೊಡ್ಡದು ಮಾಡಿ ನೋಡಿದೆ. ಲೆನ್ಸಿನಿಂದ ಆದ ಕೊರತೆ ಯಾವುದರಲ್ಲೂ ಕಾಣಲಿಲ್ಲ. ಧಾರವಾಡದಲ್ಲಿ ಬಹಳ ಕಾಲ ಸ್ಟುಡಿಯೋ ಕೆಲಸ ಮಾಡಿದವನು ನಾನು. ಬಿಡುವು ಸಿಕ್ಕಾಗೆಲ್ಲ ಗುಡಿಗಳ ಫೋಟೋ ತೆಗೆದಿದ್ದೇನೆ, ಈಗಲೂ ತೆಗೆಯುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನೀವು ಶಾರ್ಪ್‌ನೆಸ್ ಒಂದು, ಚೌಕಟ್ಟು ಇನ್ನೊಂದು ಅಂತ ಎರಡು ಪ್ರಶ್ನೆ ಕೇಳಿದ್ದೀರಿ. ನನ್ನ ಪ್ರಕಾರ ಎರಡಕ್ಕೂ ಉತ್ತರ ಒಂದೇ ಕಡೆ ಇದೆ: ನೀವು ಎಲ್ಲಿ ನಿಂತಿದ್ದೀರಿ, ಯಾವ ಹೊತ್ತಿನಲ್ಲಿ ನಿಂತಿದ್ದೀರಿ.

ಮೊದಲು ಎರಡನೇ ಫೋಟೋ. ಎಫ್/22 ಬೇಡ. ಎಫ್ ನಂಬರ್ ಹೆಚ್ಚಾದರೆ ಮುಂದಿನದೂ ಹಿಂದಿನದೂ ಫೋಕಸ್ಸಿನಲ್ಲಿ ಬರುತ್ತದೆ ಅನ್ನುವುದು ನಿಜ. ಆದರೆ ಬೆಳಕು ಹೋಗುವ ಕಿಂಡಿ ಬಹಳ ಸಣ್ಣದಾದಾಗ, ಕಿಂಡಿಯ ಅಂಚಿನಲ್ಲಿ ಬೆಳಕು ಬಾಗಿ ಹರಡುತ್ತದೆ. ಚುಕ್ಕಿಯಾಗಿ ಬೀಳಬೇಕಾದದ್ದು ಸಣ್ಣ ಬಿಲ್ಲೆಯಾಗಿ ಬೀಳುತ್ತದೆ. ಎಫ್/8ರಲ್ಲಿ ಆ ಬಿಲ್ಲೆಯ ಅಗಲ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು. ಎಫ್/22ರಲ್ಲಿ ಅದರ ಸುಮಾರು ಮೂರು ಪಟ್ಟು. ನಿಮ್ಮ ಸೆನ್ಸಾರಿನಲ್ಲಿ 24 ಮೆಗಾಪಿಕ್ಸೆಲ್ ಇದೆ, ಒಂದೊಂದು ಪಿಕ್ಸೆಲ್ಲೂ ಅಷ್ಟು ಚಿಕ್ಕದು. ಒಂದು ಬಿಲ್ಲೆ ಹತ್ತಾರು ಪಿಕ್ಸೆಲ್ ಮೇಲೆ ಚೆಲ್ಲಿದರೆ ಬಳ್ಳಿಯ ಎಲೆ ಬಿಡಿಸಿ ಕಾಣುವುದಾದರೂ ಹೇಗೆ?

ಅದರ ಜೊತೆಗೆ ಕೈ ಅಲುಗಾಟ. ಎಫ್/8ರಿಂದ 22ಕ್ಕೆ ಹೋದಾಗ ಒಳಗೆ ಬರುವ ಬೆಳಕು ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಅದೇ ಬಿಸಿಲಿನಲ್ಲಿ, ಅದೇ ಐಎಸ್‌ಒ 100ರಲ್ಲಿ ಎಫ್/8 ಇಟ್ಟಿದ್ದರೆ ನಿಮಗೆ 1/25ರ ಬದಲು 1/200 ಸಿಗುತ್ತಿತ್ತು. ಹಳೆಯ ಲೆಕ್ಕ ಒಂದಿದೆ: ಎಷ್ಟು ಎಂಎಂ ಝೂಮ್ ಇದೆಯೋ ಅದನ್ನು ನಿಮ್ಮ ಕ್ಯಾಮೆರಾಕ್ಕೆ ಒಂದೂವರೆಯಿಂದ ಗುಣಿಸಿ. 45 ಅಂದರೆ ಸುಮಾರು 68. ಕೈಯಲ್ಲಿ ಹಿಡಿದು ತೆಗೆಯುವಾಗ ಶಟರ್ 1/80ಕ್ಕಿಂತ ನಿಧಾನ ಆಗಬಾರದು. ಲೆನ್ಸಿನಲ್ಲಿ ವಿಆರ್ (ಕೈ ಅಲುಗಾಟ ತಗ್ಗಿಸುವ ವ್ಯವಸ್ಥೆ) ಇದ್ದರೆ ಇನ್ನೂ ನಿಧಾನಕ್ಕೆ ಹೋಗಬಹುದು. ಆದರೆ ದೊಡ್ಡ ಪ್ರಿಂಟ್ ಮಾಡಿಸುವುದಿದ್ದರೆ ನಾನು ಅದನ್ನು ನಂಬಿ ಕೂರುವುದಿಲ್ಲ. 1/125 ಸಿಗದಿದ್ದರೆ ಐಎಸ್‌ಒ 200, 400 ಮಾಡಿ. 400ರ ಕಾಳು 12×18ರಲ್ಲಿ ಕಾಣುವುದೇ ಇಲ್ಲ. ಅಲುಗಿದ್ದು ಮಾತ್ರ ಕಂಡೇ ಕಾಣುತ್ತದೆ.

ನನ್ನ ಮಾತನ್ನು ಸುಮ್ನೆ ಒಪ್ಪಬೇಡಿ. ನಿಮ್ಮ ಶಾಲೆಯಲ್ಲೇ ಒಂದು ಇಟ್ಟಿಗೆ ಗೋಡೆಯೋ, ನೋಟೀಸ್ ಬೋರ್ಡೋ ಇರುತ್ತದಲ್ಲ. ಕ್ಯಾಮೆರಾವನ್ನು ಮೇಜಿನ ಮೇಲೆ ಇಟ್ಟು, ಎರಡು ಸೆಕೆಂಡ್ ಟೈಮರ್ ಹಾಕಿ, ಎಫ್/5.6, 8, 11, 16, 22 ಹೀಗೆ ಒಂದೊಂದು ತೆಗೆಯಿರಿ. ಕಂಪ್ಯೂಟರಿನಲ್ಲಿ ನೂರಕ್ಕೆ ನೂರು ಗಾತ್ರದಲ್ಲಿ ಇಟ್ಟು ನೋಡಿ. ನಿಮ್ಮ ಕೈಯಲ್ಲಿರುವ ಲೆನ್ಸಿಗೆ ಯಾವ ನಂಬರ್ ಚಲೋ ಅಂತ ಅದೇ ಹೇಳುತ್ತದೆ.

ಇಷ್ಟೆಲ್ಲಾ ಸರಿಪಡಿಸಿದರೂ ಹನ್ನೊಂದೂವರೆಗೆ ತೆಗೆದರೆ ಆ ಗೋಡೆ ಶಾರ್ಪ್ ಅನ್ನಿಸುವುದಿಲ್ಲ. ಮುಖ್ಯವಾದ ಮಾತು ಇದು. ಕಣ್ಣಿಗೆ ಕೆತ್ತನೆ ಚೂಪಾಗಿ ಕಾಣುವುದು ನೆರಳಿನಿಂದ. ಎಲೆಯ ಒಂದು ಅಂಚಿಗೆ ಬೆಳಕು ಬಿದ್ದು, ಇನ್ನೊಂದು ಅಂಚು ಕಪ್ಪಾಗಿದ್ದರೆ ಅಲ್ಲಿ ಗೆರೆ ಮೂಡುತ್ತದೆ. ಬಾದಾಮಿ, ಪಟ್ಟದಕಲ್ಲು, ಐಹೊಳೆಯಲ್ಲಿರುವುದು ಮರಳುಗಲ್ಲು. ಲಕ್ಕುಂಡಿಯ ಹೊತ್ತಿಗೆ ಕಲ್ಯಾಣ ಚಾಲುಕ್ಯರ ಶಿಲ್ಪಿಗಳು ಬಳಪದ ಕಲ್ಲಿಗೆ ಬಂದಿದ್ದರು. ನುಣುಪಾದ, ಉಳಿಗೆ ಸುಲಭವಾಗಿ ಒಲಿಯುವ ಕಲ್ಲು. ಅದಕ್ಕೇ ಅಷ್ಟು ಸೂಕ್ಷ್ಮ ಕೆಲಸ ಸಾಧ್ಯವಾಯಿತು. ಆದರೆ ಬಣ್ಣ ಮಂಕು, ಕಪ್ಪು-ಹಸಿರು. ಬಿಸಿಲು ನೆತ್ತಿಯ ಮೇಲಿದ್ದಾಗ ಛಜ್ಜಾದ (ಗೋಡೆಯಿಂದ ಮುಂದೆ ಚಾಚಿದ ಸೂರಿನ) ಕೆಳಗೆಲ್ಲ ಒಂದೇ ಕತ್ತಲು, ಛಜ್ಜಾದ ಮೇಲೆ ಒಂದೇ ಬಿಳುಪು. ನಡುವಿನ ಸೂಕ್ಷ್ಮವೆಲ್ಲ ಹೋಗಿಬಿಡುತ್ತದೆ. ಎಷ್ಟು ದುಬಾರಿ ಲೆನ್ಸ್ ತಂದರೂ ಆ ಹೊತ್ತಿನಲ್ಲಿ ಅದು ಸಿಗುವುದಿಲ್ಲ.

ಹಾಗಾದರೆ ಯಾವಾಗ ಹೋಗಬೇಕು? ಇದನ್ನು ನೀವು ಮಕ್ಕಳಿಗೂ ಭೂಗೋಳದ ಪಾಠದಲ್ಲಿ ಹೇಳಬಹುದು. ಗದಗ ಇರುವುದು ಉತ್ತರ ಅಕ್ಷಾಂಶ ಹದಿನೈದೂವರೆ ಡಿಗ್ರಿಯ ಆಸುಪಾಸು. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ. ಉಳಿದ ತಿಂಗಳೆಲ್ಲಾ ದಕ್ಷಿಣಕ್ಕೆ. ಅಕ್ಟೋಬರಿನಿಂದ ಫೆಬ್ರವರಿವರೆಗೆ ಸೂರ್ಯ ಹುಟ್ಟುವುದೂ ನೆಟ್ಟಗೆ ಪೂರ್ವದಲ್ಲಿ ಅಲ್ಲ, ಸ್ವಲ್ಪ ಆಗ್ನೇಯಕ್ಕೆ ಸರಿದು. ಅಂದರೆ ಮುಂಜಾನೆಯ ಬಿಸಿಲು ದಕ್ಷಿಣದ ಗೋಡೆಯನ್ನು ಸವರಿಕೊಂಡು, ಓರೆಯಾಗಿ ಹೋಗುತ್ತದೆ. ನಿಮಗೆ ಬೇಕಾದದ್ದು ಅದೇ ಬೆಳಕು. ಸೂರ್ಯ ಹುಟ್ಟಿ ಅರ್ಧ ಗಂಟೆಯಾದ ಮೇಲೆ ಸುಮಾರು ಒಂದೂವರೆ ಗಂಟೆ ಅದು ನಿಲ್ಲುತ್ತದೆ. ಸಂಜೆ ಪಶ್ಚಿಮದ ಕಡೆಯಿಂದ ಮತ್ತೆ ಹಾಗೇ ಬರುತ್ತದೆ. ಅದೇ ಗೋಡೆ, ಅದೇ ಲೆನ್ಸ್, ಎಫ್/8. ಎರಡು ಫೋಟೋ ಪಕ್ಕ ಪಕ್ಕ ಇಟ್ಟು ನೋಡಿ.

ಈಗ ವಾಲುವ ಶಿಖರಕ್ಕೆ ಬರೋಣ. ಉಣಕಲ್ ತಮ್ಮ ಹೇಳಿದ ದಾರಿ ಮೊಬೈಲಿನಲ್ಲಿ ನೋಡುವುದಕ್ಕೆ ಸರಿ. ಪ್ರಿಂಟಿಗೆ ನಾನು ಒಪ್ಪುವುದಿಲ್ಲ. ಕ್ಯಾಮೆರಾ ಮೇಲೆತ್ತಿದರೆ ಶಿಖರದ ತುದಿ ಚಿತ್ರದಲ್ಲಿ ಕಿರಿದಾಗಿ ಬೀಳುತ್ತದೆ. ಸಾಫ್ಟ್‌ವೇರ್ ಆ ಕಿರಿದನ್ನು ಅಗಲಕ್ಕೆ ಎಳೆಯುತ್ತದೆ. ಇಲ್ಲದ ವಿವರವನ್ನು ಅದು ಎಲ್ಲಿಂದ ತರಬೇಕು? ಬುಡ ಶಾರ್ಪ್, ತುದಿ ಮಸುಕು ಆಗುತ್ತದೆ. ಎರಡು ಪಕ್ಕದ ಜಾಗವೂ ಕತ್ತರಿಸಿ ಹೋಗುತ್ತದೆ. ಒಂದೆರಡು ಡಿಗ್ರಿ ವಾಲಿದ್ದರೆ ಸರಿಪಡಿಸಿ, ಪರವಾಗಿಲ್ಲ. ನಿಮ್ಮ ಮೊದಲ ಫೋಟೋದಷ್ಟು ವಾಲಿದ್ದರೆ ಬೇಡ.

ಗೋಡೆ ನೆಟ್ಟಗೆ ಬರಬೇಕಾದರೆ ಕ್ಯಾಮೆರಾದ ಬೆನ್ನು ಗೋಡೆಗೆ ಸಮವಾಗಿ ನಿಲ್ಲಬೇಕು, ಗಾರೆ ಕೆಲಸದವರು ತೂಗುಗುಂಡು ಬಿಟ್ಟು ನೋಡುವ ಹಾಗೆ. ಮೇಲೂ ಎತ್ತಬಾರದು, ಕೆಳಗೂ ಇಳಿಸಬಾರದು. ಗ್ರಿಡ್ ಗೆರೆ ಆನ್ ಮಾಡಿಕೊಳ್ಳಿ. ಬಾಗಿಲವಾಡದ ಅಂಚನ್ನೋ ಕಂಬವನ್ನೋ ಗೆರೆಗೆ ಹೊಂದಿಸಿ. ಶಿಖರ ಹೊರಗೆ ಉಳಿಯಿತೋ, ಕತ್ತು ಎತ್ತಬೇಡಿ, ಕಾಲು ಹಿಂದೆ ಇಡಿ. ಹಿಂದೆ ಹೋದಷ್ಟೂ ಝೂಮ್ 24, 30, 35 ಆಗಲಿ. ಆಗ ಶಿಖರದ ಪ್ರಮಾಣವೂ ನಾವು ಕಣ್ಣಿನಲ್ಲಿ ಕಾಣುವ ಹಾಗೆ ಬರುತ್ತದೆ. 18ರಲ್ಲಿ ಹತ್ತಿರ ನಿಂತರೆ ಬುಡ ದೊಡ್ಡದಾಗಿ, ಶಿಖರ ಕುಗ್ಗಿ ಹೋಗಿರುತ್ತದೆ. ಅದು ಕಟ್ಟಿದವರಿಗೆ ಮಾಡುವ ಅನ್ಯಾಯ ಅಂತ ನನಗೆ ಅನ್ನಿಸುತ್ತದೆ.

ಹಿಂದೆ ಜಾಗವಿಲ್ಲದಿದ್ದರೆ ಒಂದು ಉಪಾಯ ಇದೆ. ಕ್ಯಾಮೆರಾ ಉದ್ದಕ್ಕೆ ಹಿಡಿದು, ನೆಟ್ಟಗೆ ಇಟ್ಟು, 18ರಲ್ಲಿ ತೆಗೆಯಿರಿ. ಕೆಳಗಿನ ಅರ್ಧದಲ್ಲಿ ನೆಲವೇ ತುಂಬಿರುತ್ತದೆ. ಮನೆಗೆ ಬಂದು ಆ ನೆಲವನ್ನು ಕತ್ತರಿಸಿ ಹಾಕಿ. ನಿಮ್ಮ ಫೈಲು 4000×6000 ಪಿಕ್ಸೆಲ್. ಕೆಳಗಿನ ಮೂರನೇ ಒಂದು ಭಾಗ ತೆಗೆದರೂ 4000×4000 ಉಳಿಯುತ್ತದೆ. 12 ಇಂಚು ಅಗಲದ ಚೌಕ ಪ್ರಿಂಟಿಗೆ ಇಂಚಿಗೆ 333 ಪಿಕ್ಸೆಲ್ ಬಂತು. ಧಾರಾಳ ಸಾಕು. ಕಟ್ಟಡದ ಫೋಟೋಗೆ ಅಂತಲೇ ಇರುವ ದುಬಾರಿ ಶಿಫ್ಟ್ ಲೆನ್ಸುಗಳು ಮಾಡುವುದೂ ಹೆಚ್ಚುಕಮ್ಮಿ ಇದನ್ನೇ.

ಇದು ಹೊಸ ವಿದ್ಯೆಯೂ ಅಲ್ಲ. 1850ರ ದಶಕದಲ್ಲೇ ಬಿಗ್ಸ್, ಪಿಗೌ ಅನ್ನುವ ಇಬ್ಬರು ಬ್ರಿಟಿಷ್ ಸೇನೆಯವರು ನಮ್ಮ ಭಾಗದ ಗುಡಿಗಳ ಫೋಟೋ ತೆಗೆದರು. ಬಿಗ್ಸ್ ಸೇನಾಧಿಕಾರಿ, ಪಿಗೌ ಡಾಕ್ಟರು. ಸ್ಟ್ಯಾಂಡಿನ ಮೇಲೆ ದೊಡ್ಡ ಕ್ಯಾಮೆರಾ, ನಿಧಾನದ ಎಕ್ಸ್‌ಪೋಷರ್. ಅವರ ಚಿತ್ರಗಳು ಬ್ರಿಟಿಷ್ ಲೈಬ್ರರಿಯಲ್ಲಿವೆ, ಅಂತರ್ಜಾಲದಲ್ಲೂ ಹುಡುಕಿದರೆ ಸಿಗುತ್ತವೆ. ಮಕ್ಕಳಿಗೂ ತೋರಿಸಿ. ಹಿಂದೆ ಸರಿದು, ಕ್ಯಾಮೆರಾ ನೆಟ್ಟಗಿಟ್ಟು, ಓರೆ ಬೆಳಕಿಗೆ ಕಾಯುವುದು ಅಷ್ಟು ಹಳೆಯ ಕೆಲಸ.

ಚೌಕಟ್ಟಿನ ಬಗ್ಗೆ ನೀವು ಕೇಳಿದ್ದು ನನಗೆ ಬಹಳ ಇಷ್ಟವಾಯಿತು. ರೋಲ್ ಕಾಲದಲ್ಲಿ ಒಂದು ರೋಲಿಗೆ 36 ಚಿತ್ರ. ಹಾಗಾಗಿ ಮೊದಲು ಕ್ಯಾಮೆರಾ ಚೀಲದಲ್ಲೇ ಇಟ್ಟು ಗುಡಿಗೆ ಒಂದು ಸುತ್ತು ಬರುತ್ತಿದ್ದೆವು. ಈಗಲೂ ನಾನು ಹಾಗೇ ಮಾಡುತ್ತೇನೆ, ನೀವೂ ಮಾಡಿ. ಸುತ್ತುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಬೇರೆ ಗುಡಿಯಲ್ಲಿ ಇಲ್ಲದ್ದು, ಇಲ್ಲಿ ಮಾತ್ರ ಇರುವುದು ಏನು? ಅದನ್ನು ತೋರಿಸುವುದಕ್ಕೆ ಬೇಕಾದದ್ದು ಒಳಗೆ ಬರಲಿ. ಉಳಿದದ್ದು ಹೊರಗೆ.

ಕಾಶಿವಿಶ್ವೇಶ್ವರದಲ್ಲಿ ಏನಿದೆ? ಒಂದೇ ಜಗಲಿಯ ಮೇಲೆ ಎರಡು ಗುಡಿಗಳು ಎದುರುಬದುರಾಗಿ ನಿಂತಿವೆ. ಪೂರ್ವಕ್ಕೆ ಮುಖ ಮಾಡಿದ ಈಶ್ವರನ ದೊಡ್ಡ ಗುಡಿ, ಪಶ್ಚಿಮಕ್ಕೆ ಮುಖ ಮಾಡಿದ ಸೂರ್ಯನ ಚಿಕ್ಕ ಗುಡಿ. ಸುಮಾರು ಎಲ್ಲರೂ ದೊಡ್ಡದನ್ನಷ್ಟೇ ತೆಗೆದು ಬರುತ್ತಾರೆ. ನೀವು ದಕ್ಷಿಣದ ಕಡೆ ದೂರ ಸರಿದು, ಎರಡರ ನಡುವಿನ ಖಾಲಿ ಜಾಗ ಚಿತ್ರದಲ್ಲಿ ಉಳಿಯುವ ಹಾಗೆ ನಿಲ್ಲಿ. ಆ ಖಾಲಿ ಜಾಗವೇ ಎರಡು ಗುಡಿಗಳ ಸಂಬಂಧ ಹೇಳುತ್ತದೆ. ದೊಡ್ಡ ಗುಡಿಯ ಬಾಗಿಲಿಗೆ ಹೋದಾಗ ಇದೆಲ್ಲಾ ಮರೆತುಬಿಡಿ. ಬಾಗಿಲವಾಡದ ಸುತ್ತ ಸಾಲು ಸಾಲಾಗಿ ಪಟ್ಟಿಕೆಗಳು, ಒಂದೊಂದರಲ್ಲೂ ಬೇರೆ ಕೆಲಸ. ಅದನ್ನು ಎದುರಿಗೇ ನಿಂತು, ಬಾಗಿಲಿನ ಅರ್ಧ ಎತ್ತರಕ್ಕೆ ಕ್ಯಾಮೆರಾ ಹಿಡಿದು ತೆಗೆಯಬೇಕು. ಎಡಬಲದ ಅಂತರ ಒಂದು ಬೆರಳಿನಷ್ಟು ಹೆಚ್ಚುಕಮ್ಮಿ ಆದರೂ ನೋಡುವವರ ಕಣ್ಣಿಗೆ ಚುಚ್ಚುತ್ತದೆ. ಬಾಗಿಲ ನಡುವಿನಿಂದ ನೇರಕ್ಕೆ ನಿಂತಿದ್ದೀರಾ ಅಂತ ನೆಲದ ಕಲ್ಲಿನ ಗೆರೆ ನೋಡಿ ಖಚಿತ ಮಾಡಿಕೊಳ್ಳಿ.

ಡಂಬಳದ ದೊಡ್ಡಬಸಪ್ಪ ಗುಡಿ ಇದಕ್ಕೆ ಪೂರ್ತಿ ತದ್ವಿರುದ್ಧ. ಅದನ್ನು ಎದುರಿಗೆ ನಿಂತು ತೆಗೆದರೆ ಏನೂ ತಿಳಿಯುವುದಿಲ್ಲ. ಅದರ ಗರ್ಭಗುಡಿಯ ತಳವಿನ್ಯಾಸ 24 ಮೂಲೆಗಳ ನಕ್ಷತ್ರ. ನೇರ ಬೆಳಕಿನಲ್ಲಿ ಗುಂಡಗಿನ ಗೋಡೆಯಾಗಿ ಕಾಣುತ್ತದೆ, ಅಷ್ಟೇ. ಓರೆ ಬಿಸಿಲಿನಲ್ಲಿ ಒಂದು ಮುಖ ಬೆಳಗಿ ಪಕ್ಕದ ಮುಖ ನೆರಳಾಗುತ್ತದೆ. ಮತ್ತೆ ಬೆಳಕು, ಮತ್ತೆ ನೆರಳು. ಬುಡದಿಂದ ಶಿಖರದ ತುದಿಯವರೆಗೆ ಆ ಮಡಿಕೆಗಳು ಏರಿ ಹೋಗುವುದು ಆಗ ಕಾಣುತ್ತದೆ. ಸೂರ್ಯ ನಿಮ್ಮ ಬೆನ್ನಿಗೆ ಬೇಡ, ಭುಜದ ಪಕ್ಕಕ್ಕೆ ಇರಲಿ.

ಬಟನ್ ಒತ್ತುವ ಮೊದಲು ಚೌಕಟ್ಟಿನ ನಾಲ್ಕು ಮೂಲೆ ಒಮ್ಮೆ ಕಣ್ಣಾಡಿಸಿ. ಬೋರ್ಡು, ವೈರು, ಕಸದ ಡಬ್ಬಿ ಎಲ್ಲಾ ಅಲ್ಲೇ ಸೇರಿಕೊಂಡಿರುತ್ತವೆ. ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟರೆ ಸುಮಾರು ಸಲ ಕಂಬದ ಹಿಂದೆ ಹೋಗಿಬಿಡುತ್ತವೆ. ಜನ ಇದ್ದರೆ ಓಡಿಸಬೇಡಿ. ಬಾಗಿಲ ಹತ್ತಿರ ಒಬ್ಬರು ನಿಂತಿದ್ದರೆ ಆ ಬಾಗಿಲು ಎಷ್ಟು ಎತ್ತರ ಅಂತ ನಿಮ್ಮ ಮಕ್ಕಳಿಗೆ ಗೊತ್ತಾಗುತ್ತದೆ. ಅವರನ್ನು ಕೇಳಿ ತೆಗೆಯಿರಿ.

ಹಾವೇರಿ ಏಲಕ್ಕಿ:

ಕಾಕಾರು ಹೊರಗಿನದೆಲ್ಲಾ ಹೇಳಿದ್ದಾರೆ. ನಾನು ಒಳಗಿನ ಕಂಬಗಳ ಬಗ್ಗೆ ಬರೆಯುತ್ತೇನೆ, ಬಂಕಾಪುರದ ಅರವತ್ತು ಕಂಬದ ಗುಡಿಯಲ್ಲಿ ಇದೇ ಕೆಲಸ ಮಾಡುತ್ತಾ ಇರುತ್ತೇನೆ.

ಪುರಾತತ್ವ ಇಲಾಖೆಯ ಸಂರಕ್ಷಿತ ಗುಡಿಗಳಲ್ಲಿ ಟ್ರೈಪಾಡ್ ಹಾಕಲು ಮೊದಲೇ ಅನುಮತಿ ಬೇಕು. ಹಾಗಾಗಿ ಕೈಯಲ್ಲೇ ಹಿಡಿಯುವುದನ್ನು ರೂಢಿ ಮಾಡಿಕೊಳ್ಳುವುದು ಒಳ್ಳೆಯದು. ಐಎಸ್‌ಒ ಆಟೋದಲ್ಲಿ ಬಿಡಬೇಡಿ, 1600ಕ್ಕೆ ಕಟ್ಟಿಹಾಕಿ. ಲೆನ್ಸ್ 18ಕ್ಕೆ ತನ್ನಿ, ಎಫ್/4 ಇಡಿ. 18ರಲ್ಲಿ 1/30 ಕೈಯಲ್ಲಿ ಹಿಡಿಯಬಹುದು. ವಿಆರ್ ಇದ್ದರೆ 1/15 ಕೂಡ ಆಗುತ್ತದೆ. ಮೊಣಕೈ ಪಕ್ಕೆಗೆ ಒತ್ತಿ, ಅರ್ಧ ಉಸಿರು ಬಿಟ್ಟು, ಒಂದರ ಹಿಂದೆ ಒಂದು ಮೂರು ನಾಲ್ಕು ತೆಗೆಯಿರಿ. ಅದರಲ್ಲಿ ಒಂದು ಅಲುಗದೆ ಬಂದೇ ಬರುತ್ತದೆ. ಇನ್ನೂ ಕತ್ತಲಿದ್ದರೆ ಚೀಲವನ್ನು ನೆಲದ ಮೇಲಿಟ್ಟು, ಅದರ ಮೇಲೆ ಕ್ಯಾಮೆರಾ ಇಟ್ಟು ಟೈಮರ್ ಹಾಕಿ. ಕಂಬದ ಸಾಲುಗಳು ನೆಲದ ಮಟ್ಟದಿಂದ ಇನ್ನೂ ಗಂಭೀರವಾಗಿ ಬರುತ್ತವೆ. ಒಂದು ಮಾತು: ಕೆತ್ತನೆ ಇರುವ ಕಂಬಕ್ಕೆ ದಯವಿಟ್ಟು ಒರಗಬೇಡಿ. ಬಳಪದ ಕಲ್ಲು ಮೆತ್ತಗಿನದು. ಸಾಲದ್ದಕ್ಕೆ ನಮ್ಮ ಬೆವರು, ಪ್ಯಾಂಟಿನ ಗುಂಡಿ. ಬೋಳು ಗೋಡೆ ಹುಡುಕಿ.

ಈ ಕಂಬಗಳನ್ನು ತಿರುಗಿಸುತ್ತಾ ಕಡೆದು ನುಣುಪು ಮಾಡಿದ್ದಾರೆ. ಆದ್ದರಿಂದ ಬಾಗಿಲಿನ ಬೆಳಕು ಕಂಬದ ಮೇಲೆ ಬಿಳಿ ಗೆರೆಯಾಗಿ ಹೊಳೆಯುತ್ತದೆ. ಆ ಗೆರೆ ತೆಳ್ಳಗಿದ್ದರೆ ಚಂದ, ಕಂಬ ಗುಂಡಗಿದೆ ಅಂತ ತೋರಿಸುತ್ತದೆ. ದಪ್ಪಗಿದ್ದರೆ ಕೆತ್ತನೆ ನುಂಗುತ್ತದೆ. ಅರ್ಧ ಹೆಜ್ಜೆ ಆಚೆ ಈಚೆ ಸರಿದು ನೋಡಿ, ಗೆರೆಯೂ ನಿಮ್ಮ ಜೊತೆಗೇ ಸರಿಯುತ್ತದೆ. ಫ್ಲ್ಯಾಶ್ ಬೇಡವೇ ಬೇಡ. ಎದುರಿನಿಂದ ಬಡಿದು ಎಲ್ಲಾ ಚಪ್ಪಟೆ ಮಾಡುತ್ತದೆ.

ಇನ್ನೊಂದು. ಚೌಕಟ್ಟಿನ ತುಂಬ ಕಪ್ಪು ಕಲ್ಲೇ ಇದ್ದರೆ ಕ್ಯಾಮೆರಾ ಅದನ್ನು ಬೂದು ಮಾಡಲು ಹೊರಟು ಬೆಳಕು ಜಾಸ್ತಿ ಕೊಡುತ್ತದೆ. ಶಟರ್ ಸುಮ್ನೆ ನಿಧಾನ ಆಗುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಬೆಳಕು ಹೆಚ್ಚುಕಮ್ಮಿ ಮಾಡುವ ಸೆಟ್ಟಿಂಗ್) ಮೈನಸ್ 0.7 ಇಡಿ. ಕಲ್ಲಿನ ಬಣ್ಣ ಕಲ್ಲಿನದಾಗಿಯೇ ಉಳಿಯುತ್ತದೆ, ಶಟರ್ ಕೂಡ ಚುರುಕಾಗುತ್ತದೆ. ಹೊರಗಿನ ಆಕಾಶ ಚೌಕಟ್ಟಿನಲ್ಲಿ ಬಂದರೆ ಇದು ಉಲ್ಟಾ, ಗುಡಿ ಕಪ್ಪಾಗುತ್ತದೆ. ನಾನು ಒಳಗಿನ ಚಿತ್ರದಲ್ಲಿ ಬಾಗಿಲಿನ ಆಚೆಯ ಬಿಸಿಲನ್ನು ಆದಷ್ಟು ಸೇರಿಸುವುದಿಲ್ಲ. ರಾ ಫೈಲಿನಲ್ಲಿ (ಸೆನ್ಸಾರ್ ಹಿಡಿದದ್ದನ್ನೆಲ್ಲಾ ಉಳಿಸುವ ಫೈಲು) ತೆಗೆದರೆ ಆಮೇಲೆ ನೆರಳನ್ನು ಸ್ವಲ್ಪ ಎತ್ತಬಹುದು.

ಯಾವಾಗಲಾದರೂ ಹಾವೇರಿಗೆ ಬಂದರೆ ಸಿದ್ಧೇಶ್ವರ ಗುಡಿಗೆ ಮುಂಜಾನೆ ಬರಬೇಡಿ. ಅದು ಪಶ್ಚಿಮಕ್ಕೆ ಮುಖ ಮಾಡಿದ ಗುಡಿ. ಮುಂಭಾಗಕ್ಕೆ ಬಿಸಿಲು ಬರುವುದು ಮಧ್ಯಾಹ್ನ ಇಳಿದ ಮೇಲೆ. ಮುಂಜಾನೆ ಬಂದು, ಎದುರಿನಿಂದ ಬೆಳಕು ಕಣ್ಣಿಗೆ ಹೊಡೆದು, ಬೇಸರ ಮಾಡಿಕೊಂಡು ಹೋಗುವವರು ಬಹಳ. ಅಲ್ಲಿ ಪೂಜೆ ನಡೆಯುತ್ತದೆ, ಅರ್ಚಕರನ್ನು ಕೇಳಿಯೇ ಒಳಗೆ ಕ್ಯಾಮೆರಾ ತೆಗೆಯಿರಿ.

ಬೆಟಗೇರಿಯವಳು:

ಎಷ್ಟೊಂದು ಹೇಳಿಕೊಟ್ಟಿರಿ! ಎಲ್ಲರಿಗೂ ಧನ್ಯವಾದ. ಕಾಕಾ ಹೇಳಿದ ಪರೀಕ್ಷೆಯನ್ನು ಶಾಲೆಯ ನೋಟೀಸ್ ಬೋರ್ಡಿನ ಮೇಲೆ ಮಾಡಿದೆ. ಎಂಟನೇ ತರಗತಿಯ ಮಕ್ಕಳೂ ಸುತ್ತ ನಿಂತಿದ್ದರು. ಎಫ್/8ರಲ್ಲಿ ಸುತ್ತೋಲೆಯ ಸಣ್ಣ ಅಕ್ಷರ ಓದಲು ಬರುತ್ತದೆ, 22ರಲ್ಲಿ ಅಕ್ಷರದ ಅಂಚೆಲ್ಲಾ ಕರಗಿದೆ. 5.6ರಲ್ಲಿ ನಡುವೆ ಚೆನ್ನಾಗಿದೆ, ಮೂಲೆಗಳು ಸ್ವಲ್ಪ ಮಸುಕು. ಮಕ್ಕಳೇ ಕಂಡುಹಿಡಿದು ಹೇಳಿದರು.

ಇನ್ನೆರಡು ಅನುಮಾನ. ಎಫ್/8 ಇಟ್ಟರೆ ಮುಂದಿನ ಮೆಟ್ಟಿಲೂ ಹಿಂದಿನ ಶಿಖರವೂ ಎರಡೂ ಶಾರ್ಪ್ ಬರುತ್ತವಾ? ಫೋಕಸ್ ಎಲ್ಲಿ ಇಡಬೇಕು? ಮಾಣಿಕೇಶ್ವರ ಗುಡಿಯ ಹತ್ತಿರದ ಮುಸುಕಿನ ಬಾವಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳುತ್ತಿದ್ದೇನೆ. ಅಲ್ಲಿ ಮೆಟ್ಟಿಲು ಕಾಲ ಬುಡದಿಂದಲೇ ಶುರುವಾಗುತ್ತವೆ. ಎರಡನೆಯದು, ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯದ ಉತ್ತರದ ಗೋಡೆ ನನಗೆ ಬೇಕು. ಈ ತಿಂಗಳುಗಳಲ್ಲಿ ಅಲ್ಲಿಗೆ ಬಿಸಿಲೇ ಬರುವುದಿಲ್ಲ ಅಂತ ನಿಮ್ಮ ಲೆಕ್ಕದಿಂದ ಗೊತ್ತಾಯಿತು. ಏನು ಮಾಡಲಿ?

ಮಾಳಮಡ್ಡಿ ಕಾಕಾ:

ಮಕ್ಕಳನ್ನು ಸೇರಿಸಿಕೊಂಡಿರಿ ನೋಡಿ, ಬಹಳ ಖುಷಿಯಾಯಿತು.

ಬಾವಿಗೆ: ನಿಮ್ಮ ಕ್ಯಾಮೆರಾದಲ್ಲಿ 18 ಎಂಎಂ, ಎಫ್/8 ಇಟ್ಟು, ಎರಡು ಮೀಟರ್ ದೂರದ ಮೆಟ್ಟಿಲಿಗೆ ಫೋಕಸ್ ಮಾಡಿದರೆ ಸುಮಾರು ಒಂದು ಮೀಟರಿನಿಂದ ಹಿಡಿದು ದೂರದ ತನಕ ಎಲ್ಲಾ ಸ್ಪಷ್ಟ ಬರುತ್ತದೆ. ಇದಕ್ಕೆ 22ರ ಅಗತ್ಯವೇ ಇಲ್ಲ. ಪ್ರಿಂಟ್ ದೊಡ್ಡದು, ಆದ್ದರಿಂದ ಎಫ್/11ಕ್ಕೆ ಹೋದರೂ ತಪ್ಪಿಲ್ಲ, ಅಲ್ಲಿವರೆಗೆ ನಷ್ಟ ಕಡಿಮೆ. ಆದರೆ 55ಕ್ಕೆ ಝೂಮ್ ಮಾಡಿದರೆ ಲೆಕ್ಕ ಬದಲಾಗುತ್ತದೆ. ಆಗ ಎಫ್/8ರಲ್ಲಿ ಅದೇ ರೀತಿ ಬರಬೇಕಾದರೆ ಹತ್ತೊಂಬತ್ತು ಮೀಟರ್ ದೂರಕ್ಕೆ ಫೋಕಸ್ ಇಡಬೇಕು, ಹತ್ತಿರದ ಒಂಬತ್ತು ಮೀಟರ್ ಮಸುಕಾಗುತ್ತದೆ. ಅದಕ್ಕೇ ಝೂಮ್ ಮಾಡಿದಾಗ ಕಾಲಬುಡದ ಮೆಟ್ಟಿಲು ಚೌಕಟ್ಟಿನಲ್ಲಿ ಬೇಡ.

ಫೋಕಸ್ ಚುಕ್ಕಿ ಕ್ಯಾಮೆರಾ ಆರಿಸುವುದಕ್ಕೆ ಬಿಡಬೇಡಿ. ಒಂದೇ ಚುಕ್ಕಿಗೆ ತಂದು, ನಿಮಗೆ ಬೇಕಾದ ಮೆಟ್ಟಿಲಿನ ಅಂಚಿನ ಮೇಲೆ ಇಡಿ. ನುಣುಪು ಕಲ್ಲಿನ ಮೇಲೆ ಇಟ್ಟರೆ ಫೋಕಸ್ ಹಿಡಿಯಲು ಒದ್ದಾಡುತ್ತದೆ, ಅಂಚು ಇದ್ದರೆ ಥಟ್ಟನೆ ಹಿಡಿಯುತ್ತದೆ. ತೆಗೆದ ಮೇಲೆ ಪರದೆಯಲ್ಲಿ ಪೂರ್ತಿ ದೊಡ್ಡದು ಮಾಡಿ ಅಲ್ಲೇ ನೋಡಿಬಿಡಿ. ನೀವು ಹೇಳಿದ ಹಾಗೆ ಚಿಕ್ಕ ಪರದೆಯಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಬಾವಿಯಲ್ಲಿ ಕೆಳಕ್ಕೆ ನೋಡಲೇಬೇಕಲ್ಲ, ಗೆರೆಗಳು ಕೂಡುವುದು ಅಲ್ಲಿ ಸಹಜ, ಆಳ ತೋರಿಸುತ್ತದೆ. ಎಡಬಲ ಸಮ ಇಟ್ಟುಕೊಳ್ಳಿ, ಅಷ್ಟು ಸಾಕು.

ಉತ್ತರದ ಗೋಡೆಗೆ ಮೇ-ಜುಲೈ ತನಕ ಕಾಯಬಹುದು, ಆದರೆ ನಿಮಗೆ ರಾಜ್ಯೋತ್ಸವ ಹತ್ತಿರ ಬಂತು. ಈಗ ಇಡೀ ಗೋಡೆ ತೆಗೆಯಬೇಡಿ, ನೆರಳಿನಲ್ಲಿ ಅದು ಒಂದೇ ಬಣ್ಣವಾಗಿ ಬರುತ್ತದೆ. ಹತ್ತಿರ ಹೋಗಿ ಒಂದು ಚಿಕ್ಕ ಭಾಗ ಆರಿಸಿ. ಅಂಥ ಭಾಗಕ್ಕೆ ಆಕಾಶದ ಮೆತ್ತನೆ ಬೆಳಕು ಒಳ್ಳೆಯದೇ, ಒಳಗಿನ ಮೂಲೆಯೂ ಕಾಣುತ್ತದೆ. ನೆರಳಿನಲ್ಲಿ ಬಣ್ಣ ನೀಲಿಗೆ ತಿರುಗುತ್ತದೆ, ವೈಟ್ ಬ್ಯಾಲೆನ್ಸ್ ಶೇಡ್‌ಗೆ ಇಡಿ. ಇಡೀ ಜಿನಾಲಯಕ್ಕೆ ಮುಂಜಾನೆ ಆಗ್ನೇಯದ ಮೂಲೆಗೆ ಹೋಗಿ. ಪೂರ್ವದ ಗೋಡೆ ಪೂರ್ತಿ ಬೆಳಗಿರುತ್ತದೆ, ದಕ್ಷಿಣದ್ದು ಓರೆ ಬೆಳಕಿನಲ್ಲಿರುತ್ತದೆ. ಎರಡನ್ನೂ ಅರ್ಧರ್ಧ ತೆಗೆಯಬೇಡಿ. ದಕ್ಷಿಣದ ಗೋಡೆಗೆ ಚೌಕಟ್ಟಿನ ಮೂರರಲ್ಲಿ ಎರಡು ಪಾಲು ಕೊಡಿ.

ಪ್ರಿಂಟ್ ಬಗ್ಗೆ ಒಂದು ಮಾತು. ಎಲ್ಲಾ ಒಟ್ಟಿಗೆ ಕೊಡಬೇಡಿ. ದಕ್ಷಿಣದ ಗೋಡೆಯ ಫೋಟೋದಿಂದ ಒಂದು ತುಂಡನ್ನು ಕತ್ತರಿಸಿ, 12×18ರಲ್ಲಿ ಅದು ಎಷ್ಟು ದೊಡ್ಡದಾಗಿ ಬರುತ್ತದೋ ಅದೇ ಅಳತೆಗೆ 4×6ರ ಕಾಗದದಲ್ಲಿ ಮೊದಲು ತೆಗೆಸಿ. ಅದನ್ನು ಪಡಸಾಲೆಯ ಗೋಡೆಗೇ ಹಿಡಿದು ನೋಡಿ. ಲ್ಯಾಬಿನ ಲೈಟಿನಲ್ಲಿ ಸರಿ ಕಂಡದ್ದು ಅಲ್ಲಿ ಕಪ್ಪಾಗಿ ಕಾಣಬಹುದು, ಆಗ ಸ್ವಲ್ಪ ಬೆಳಕು ಹೆಚ್ಚಿಸಿ ಕೊಡಿ. ಕಾಗದ ಮ್ಯಾಟ್ ಕೇಳಿ. ಗ್ಲಾಸಿ ಆದರೆ ಪಡಸಾಲೆಯ ಹೊರಗಿನ ಬೆಳಕು ಅದರ ಮೇಲೆ ಹೊಳೆದು ಮಕ್ಕಳಿಗೆ ಕೆತ್ತನೆ ಕಾಣುವುದಿಲ್ಲ.

ಉಣಕಲ್ ಕೆರೆ:

ಕಾಕಾ, ತುದಿ ಮಸುಕಾಗುವ ಮಾತು ನಿಜ. ನನ್ನ ಹಳೆಯ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ, ಶಿಖರದ ಕಳಸದ ಹತ್ತಿರವೇ ಕಲಸಿದೆ. ಉದ್ದಕ್ಕೆ ಹಿಡಿದು ನೆಲ ಕತ್ತರಿಸುವ ಉಪಾಯ ಮೊಬೈಲಿಗೂ ನಡೆಯುತ್ತದಾ?

ಮಾಳಮಡ್ಡಿ ಕಾಕಾ:

ನಡೆಯುತ್ತದೆ ತಮ್ಮ. 1ರ ಲೆನ್ಸಿನಲ್ಲೇ ಇರು. ಗ್ರಿಡ್ ಹಾಕಿಕೋ. ಜಾಗ ಇನ್ನೂ ಸಾಲದಿದ್ದರೆ ಸ್ವಲ್ಪ ಎತ್ತರದಲ್ಲಿ ನಿಂತು ತೆಗೆ, ಎದುರಿನ ಮನೆಯವರನ್ನು ಕೇಳಿ ಅವರ ಮಾಳಿಗೆ ಹತ್ತಿದರೂ ಆಯಿತು. ಗುಡಿಯ ಅರ್ಧ ಎತ್ತರಕ್ಕೆ ನೀನು ಬಂದರೆ ಮೊಬೈಲ್ ಎತ್ತುವ ಪ್ರಶ್ನೆಯೇ ಬರುವುದಿಲ್ಲ. ತೆಗೆದದ್ದನ್ನು ಇಲ್ಲೇ ಹಾಕು. ಟೀಚರ್, ನೀವೂ ಹಾಕಿ, ಎಫ್ ನಂಬರ್, ಶಟರ್, ಹೊತ್ತು ಎಲ್ಲಾ ಬರೆದು ಹಾಕಿ.